ವೆರಿಲಾಗ್‌ಗೂ ಮೊದಲು ಪೆನ್ಸಿಲ್

ಚಿಪ್ ವಿನ್ಯಾಸ ಕಲಿಯಲು ಹೊರಟವರಲ್ಲಿ ಅನೇಕರು ಮೊದಲ ದಿನವೇ ಸಾಫ್ಟ್‌ವೇರ್ ಇಳಿಸಿಕೊಂಡು ಕೂರುತ್ತಾರೆ. ನನ್ನನ್ನು ಕೇಳಿದರೆ, ಮೊದಲ ಕೆಲವು ವಾರಗಳಿಗೆ ಕಾಗದ, ಪೆನ್ಸಿಲ್ ಸಾಕು. ನಾಲ್ಕು ಟ್ರಾನ್ಸಿಸ್ಟರ್‌ಗಳನ್ನು, ಎರಡನ್ನು ಸಾಲಾಗಿ, ಎರಡನ್ನು ಅಕ್ಕಪಕ್ಕವಾಗಿ ಜೋಡಿಸಿ ನ್ಯಾಂಡ್ ಗೇಟ್ (ಎರಡೂ ಇನ್‌ಪುಟ್ 1 ಆದಾಗ ಮಾತ್ರ 0 ಕೊಡುವ ವಿದ್ಯುತ್ ಮಂಡಲ, ಅಂದರೆ ಸರ್ಕ್ಯೂಟ್) ಬರೆಯಿರಿ. ಉಳಿದ ಗೇಟುಗಳನ್ನೆಲ್ಲ ಅದೊಂದರಿಂದಲೇ ಕಟ್ಟಬಹುದು. ಒಂದು ಬಿಟ್ಟನ್ನು ನೆನಪಿಡುವ ಫ್ಲಿಪ್‌ಫ್ಲಾಪನ್ನೂ ಕೂಡ.

ಮಂಡಲಗಳನ್ನು ಪಠ್ಯವಾಗಿ ಬರೆಯುವ ಭಾಷೆಯಾದ ವೆರಿಲಾಗ್ ಆಮೇಲೆ. ಇಲ್ಲಿ ಎಡವುವವರು ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲವರೇ, ಏಕೆಂದರೆ ಅದು ನೋಡಲು ಸಿ ಭಾಷೆಯ ಹಾಗೇ ಇದೆ. ಎ ಮತ್ತು ಬಿ ಮೌಲ್ಯಗಳನ್ನು ಅದಲುಬದಲು ಮಾಡಲು ಸಿ ಭಾಷೆಯಲ್ಲಿ ಸಾಮಾನ್ಯವಾಗಿ ಮೂರನೆಯದೊಂದು ತಾತ್ಕಾಲಿಕ ಜಾಗ ಬೇಕು, ಇಲ್ಲದಿದ್ದರೆ ಒಂದು ಅಳಿಸಿಹೋಗುತ್ತದೆ. ವೆರಿಲಾಗ್‌ನ ನಾನ್‌ಬ್ಲಾಕಿಂಗ್ ವಿಧಾನದಲ್ಲಿ ಎರಡೇ ಸಾಲು: ಎಗೆ ಬಿ, ಬಿಗೆ ಎ. ಇಡೀ ಚಿಪ್‌ಗೆ ತಾಳ ಹಾಕುವ ಕ್ಲಾಕ್ ಸಂಕೇತ ಮಿಡಿದ ಕ್ಷಣ ಎರಡೂ ಫ್ಲಿಪ್‌ಫ್ಲಾಪ್‌ಗಳು ಮತ್ತೊಂದರ ಹಳೆಯ ಮೌಲ್ಯವನ್ನು ಒಟ್ಟಿಗೇ ಹಿಡಿಯುತ್ತವೆ. ನೀವು ಬರೆದದ್ದು ಆದೇಶಗಳನ್ನಲ್ಲ, ಅಡ್ಡಹಾಯ್ದ ಎರಡು ತಂತಿಗಳನ್ನು. ಆದ್ದರಿಂದ ಪ್ರತಿ ಸಾಲಿಗೂ ಯಾವ ಮಂಡಲ ಹುಟ್ಟುತ್ತದೆಂದು ಮೊದಲು ಚಿತ್ರ ಬಿಡಿಸಿ. ಕೌಂಟರ್, ಟ್ರಾಫಿಕ್ ದೀಪದ ನಿಯಂತ್ರಕ, ಆಮೇಲೆ ಪುಟ್ಟದೊಂದು ರಿಸ್ಕ್-ಫೈವ್ (ಯಾರು ಬೇಕಾದರೂ ಬಳಸಬಹುದಾದ ಮುಕ್ತ ಆದೇಶ ಸಮೂಹ) ಪ್ರೊಸೆಸರ್: ಅಭ್ಯಾಸಕ್ಕೆ ಇಷ್ಟು ಸಾಕು.

ಕಟ್ಟಿದ್ದನ್ನು ಪರೀಕ್ಷಿಸುವುದು ಕಟ್ಟುವುದಕ್ಕಿಂತ ದೊಡ್ಡ ವಿದ್ಯೆ. 8 ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡುವ ಮಂಡಲಕ್ಕೆ 65,536 ಜೋಡಿಗಳಿವೆ. ಎಲ್ಲವನ್ನೂ ಓಡಿಸಿ ನೋಡಬಹುದು. 32 ಬಿಟ್ ಆದರೆ, ಸೆಕೆಂಡಿಗೆ ನೂರು ಕೋಟಿ ಜೋಡಿಗಳಂತೆ ನೋಡಿದರೂ 580ಕ್ಕೂ ಹೆಚ್ಚು ವರ್ಷ ಬೇಕು. ಯಾವುದನ್ನು ಪರೀಕ್ಷಿಸಬೇಕೆಂದು ಆರಿಸುವ ಜಾಣತನ ಇಲ್ಲಿ ಬೇಕಾಗುತ್ತದೆ. 1994ರಲ್ಲಿ ಬೆಳಕಿಗೆ ಬಂದ ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್‌ನ ದೋಷ, ಭಾಗಾಕಾರದ ಕೋಷ್ಟಕದಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದರ ಫಲ. ಇಂಟೆಲ್ ತೆತ್ತದ್ದು 47.5 ಕೋಟಿ ಡಾಲರ್.

ಮುಂದಿನದು ಕಾಲದ ಲೆಕ್ಕ. ಒಂದು ಗಿಗಾಹರ್ಟ್ಸ್ ಎಂದರೆ ಒಂದು ಮಿಡಿತಕ್ಕೆ ಒಂದು ನ್ಯಾನೊಸೆಕೆಂಡ್. ಎರಡು ಫ್ಲಿಪ್‌ಫ್ಲಾಪ್‌ಗಳ ನಡುವಿನ ಅತಿ ಉದ್ದದ ದಾರಿಯೂ ಅಷ್ಟರೊಳಗೆ ಮುಗಿಯಬೇಕು. ಸಂಕೇತ ತಡವಾಗಿ ಬಂದರೆ ಅದು ಸೆಟಪ್ ದೋಷ. ಕ್ಲಾಕನ್ನು ನಿಧಾನಗೊಳಿಸಿ ಚಿಪ್ ಉಳಿಸಿಕೊಳ್ಳಬಹುದು. ತೀರಾ ಬೇಗ ಬಂದರೆ ಹೋಲ್ಡ್ ದೋಷ; ಕ್ಲಾಕನ್ನು ಎಷ್ಟು ನಿಧಾನಿಸಿದರೂ ಅದು ಹೋಗುವುದಿಲ್ಲ. ಸಂದರ್ಶನಗಳಲ್ಲಿ ಇದನ್ನು ಕೇಳುವುದು ಸುಮ್ಮನೆ ಅಲ್ಲ.

0, 1ರ ಬದಲು ನಿರಂತರವಾಗಿ ಬದಲಾಗುವ ಸಂಕೇತಗಳ ಅನಲಾಗ್ ವಿನ್ಯಾಸದ ದಾರಿ ಬೇರೆಯೇ. ಅದನ್ನು ಇದರ ಜೊತೆಗೇ ಹೊತ್ತುಕೊಳ್ಳಬೇಡಿ.

ಇಷ್ಟಾದ ಮೇಲೆ ಸಾಧನಗಳನ್ನು ಮುಟ್ಟಿ. ಬರೆದದ್ದನ್ನು ಓಡಿಸಿ ನೋಡುವ ಐಕಾರಸ್ ವೆರಿಲಾಗ್, ಅದನ್ನು ಗೇಟುಗಳಾಗಿಸುವ ಯೋಸಿಸ್, ಗೇಟುಗಳನ್ನು ಚಿಪ್‌ನ ನಕ್ಷೆಯಾಗಿ (ಲೇಔಟ್) ಜೋಡಿಸುವ ಓಪನ್‌ಲೇನ್ ಎಲ್ಲವೂ ಉಚಿತ. 2020ರಲ್ಲಿ ಗೂಗಲ್ ಮತ್ತು ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿ ಸೇರಿ 130 ನ್ಯಾನೊಮೀಟರ್ ತಯಾರಿಕೆಯ ವಿವರಗಳನ್ನು ಎಲ್ಲರಿಗೂ ತೆರೆದಿಟ್ಟವು. ನಿಮ್ಮ ಪುಟ್ಟ ಕೌಂಟರನ್ನು ಅದರಲ್ಲಿ ಲೇಔಟ್ ಆಗಿಸಿ ನೋಡಿ. ನೀವು ಬರೆದೇ ಇರದ, ಸಂಕೇತವನ್ನು ಬಲಪಡಿಸಿ ಮುಂದೆ ಕಳಿಸುವ ಬಫರ್‌ಗಳು ಅಲ್ಲಲ್ಲಿ ಕಾಣಿಸುತ್ತವೆ. ಎಲ್ಲ ಫ್ಲಿಪ್‌ಫ್ಲಾಪ್‌ಗಳಿಗೂ ಕ್ಲಾಕ್ ಹೆಚ್ಚುಕಡಿಮೆ ಒಟ್ಟಿಗೇ ತಲುಪಲೆಂದು ಸಾಧನವೇ ಅವನ್ನು ಸೇರಿಸಿರುತ್ತದೆ.