ಪುಸ್ತಕದ ಪೆಟ್ಟಿಗೆ ಕಳಿಸುವ ಮುನ್ನ

ಮಕ್ಕಳ ಓದಿಗೆ ಏನಾದರೂ ಕೊಡಬೇಕೆನ್ನುವವರು ಮೊದಲು ನೋಡುವುದು ಮನೆಯ ಅಟ್ಟವನ್ನು. ಅಲ್ಲಿಂದ ಇಳಿದ ಪೆಟ್ಟಿಗೆ ನಮ್ಮ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿಗೆ, ಅಂದರೆ ಹಳ್ಳಿಯ ಗ್ರಂಥಾಲಯಗಳಿಗೆ, ಬರುತ್ತದೆ. ಬಿಚ್ಚಿದರೆ ಎಸ್ಸೆಸ್ಸೆಲ್ಸಿ ಗೈಡು, ಸಿಇಟಿ ಪ್ರಶ್ನೆಪತ್ರಿಕೆ, ಬದಲಾದ ಸಿಲಬಸ್ಸಿನ ಪಠ್ಯ. ಕೊಟ್ಟವರ ಮನಸ್ಸು ದೊಡ್ಡದು, ಆದರೆ ಎಂಟು ವರ್ಷದ ಮಗುವಿಗೆ ಅದರಲ್ಲಿ ಒಂದೂ ದಕ್ಕುವುದಿಲ್ಲ.

ಆ ವಯಸ್ಸಿನ ಅನೇಕ ಮಕ್ಕಳು ಎಡವುವುದು ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರದಲ್ಲಿ. ಕಾಗುಣಿತ ಬಾಯಿಗೆ ಬಂದಿರುತ್ತದೆ, ‘ಅಮ್ಮ’, ‘ಅಕ್ಕ’ ಸಲೀಸು. ‘ರಾಷ್ಟ್ರ’ ಎದುರಾದರೆ ಬೆರಳು ಅಲ್ಲೇ ನಿಲ್ಲುತ್ತದೆ. ಒಂದೊಂದೇ ಅಕ್ಷರ ಕೂಡಿಸುತ್ತಾ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಶುರುವಿನ ಪದವೇ ಮರೆತಿರುತ್ತದೆ. ಓದಿದ್ದಾಯಿತು, ಅರ್ಥವಾಗಲಿಲ್ಲ. ಇಂಥ ಮಗುವಿಗೆ ಪುಟಕ್ಕೆ ಒಂದೆರಡು ಸಾಲು, ದೊಡ್ಡ ಅಕ್ಷರ, ಚಿತ್ರ ಇರುವ ಪುಸ್ತಕ ಬೇಕು. ಅದೂ ಒಂದಲ್ಲ, ಅದೇ ಮಟ್ಟದ ಹತ್ತಾರು. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಪುಸ್ತಕ ಕೊಳ್ಳಲಾಗದವರು ಒಂದಷ್ಟು ಕಥೆಗಳನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟರೂ ಅದು ಒಳ್ಳೆಯ ದಾನವೇ.

ಕೊಡುವ ಮುಂಚೆ ಗ್ರಂಥಾಲಯ ಮೇಲ್ವಿಚಾರಕರಿಗೆ ಒಂದು ಫೋನ್ ಮಾಡಿ. ಯಾವ ಪುಸ್ತಕದ ಪುಟ ಓದಿ ಓದಿ ಕಿತ್ತುಹೋಗಿದೆ, ಯಾವುದು ಬೀರುವಿನಲ್ಲಿ ಹೊಸದಾಗಿಯೇ ಉಳಿದಿದೆ ಎಂಬುದು ಅವರಿಗೆ ಗೊತ್ತು. 2020ರ ಮಕ್ಕಳ ದಿನಾಚರಣೆಯಂದು, ಮಕ್ಕಳನ್ನು ಓದಿಗೆ ಸೆಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಈ ಕೇಂದ್ರಗಳತ್ತ ಮಕ್ಕಳು ಬರತೊಡಗಿದರು. ಬಂದವರ ಪಕ್ಕ ಕೂತು ಓದಿಸುವವರ ಕೊರತೆ ಮಾತ್ರ ಈಗಲೂ ಇದೆ. ನನ್ನನ್ನು ಕೇಳಿದರೆ, ಹಣಕ್ಕಿಂತ ಹೆಚ್ಚು ಬೇಕಾಗಿರುವುದು ಇವರೇ.

ಸ್ವಯಂಸೇವಕರಾಗಲು ಬಿ.ಎಡ್. ಬೇಕಿಲ್ಲ. ವಾರಕ್ಕೆ ಒಂದು ಗಂಟೆ ಸಾಕು, ಆದರೆ ಅದೇ ದಿನ, ಅದೇ ಹೊತ್ತಿಗೆ ಬರಬೇಕು. ಒಂದು ಶನಿವಾರ ಬಂದು ಮುಂದಿನದಕ್ಕೆ ತಪ್ಪಿಸಿಕೊಂಡರೆ ಬಾಗಿಲಲ್ಲಿ ಕಾದ ಮಕ್ಕಳು ಮೂರನೆಯದಕ್ಕೆ ಕಾಯುವುದಿಲ್ಲ. ನೀವು ಮೊದಲು ಗಟ್ಟಿಯಾಗಿ ಓದಿ, ಸಾಲಿನ ಕೆಳಗೆ ಬೆರಳು ಸರಿಯುತ್ತಿರಲಿ. ಆಮೇಲೆ ಜೊತೆಯಾಗಿ ಓದಿ, ಕೊನೆಗೆ ಮಗುವೊಂದೇ ಓದಲಿ. ನಡುವೆ ತಡೆದು ತಿದ್ದಬೇಡಿ. ಸಾಲು ಮುಗಿದ ಮೇಲೆ ಆ ಪದವನ್ನು ನೀವೊಮ್ಮೆ ಸರಿಯಾಗಿ ಹೇಳಿದರೆ ಸಾಕು. ಕೇಳಿದ ಕಥೆಯನ್ನೇ ಮತ್ತೆ ಕೇಳಿದರೆ ಬೇಸರಪಡದೆ ಓದಿ, ಪದಗಳು ಕಣ್ಣಿಗೆ ಪಳಗುವುದೇ ಹಾಗೆ. ಮಗುವಿನ ಮನೆಮಾತು ಲಂಬಾಣಿ, ಉರ್ದು, ತುಳು, ತೆಲುಗು ಆಗಿದ್ದರೆ ಕಥೆಯನ್ನು ಅದರಲ್ಲೇ ಹೇಳಲಿ. ಕಥೆ ಅರ್ಥವಾಗಿದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಣವನ್ನೇ ಕೊಡುವವರಿಗೆ ಒಂದು ಮಾತು: ದಾನಕ್ಕೆ ಸಿಗುವ, ‘80ಜಿ’ ಎಂದೇ ಪರಿಚಿತವಾದ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗಷ್ಟೇ ಸಿಗುತ್ತದೆ, ₹2,000 ಮೀರಿದ ನಗದಿಗೆ ಸಿಗುವುದಿಲ್ಲ. ಆನ್‌ಲೈನಿನಲ್ಲೋ ಚೆಕ್ಕಿನಲ್ಲೋ ಕೊಟ್ಟು ರಸೀದಿ ಪಡೆಯಿರಿ.

ಶಾಲೆಯಲ್ಲಿ ಓದಿಸುವುದಾದರೆ ಮುಖ್ಯಶಿಕ್ಷಕರ ಮತ್ತು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಬೇಕು. ಬಾಗಿಲು ತೆರೆದ ಕೋಣೆಯಲ್ಲಿ, ಇನ್ನೊಬ್ಬ ಹಿರಿಯರ ಕಣ್ಣಳತೆಯಲ್ಲಿ ಕೂರಿ. ಓದಲು ತಡವರಿಸುವ ಮಗುವಿನ ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಬೇಡಿ. ಊರಿನವರೆಲ್ಲ ಅದನ್ನು ನೋಡುತ್ತಾರೆ, ಮರುದಿನ ಆ ಮಗು ಓದಲು ಬರುವುದಿಲ್ಲ.