ಹೀರೋ ಕರೀತಾನೆ, ನಾಯಿ ಟ್ರೈನರ್ ಜೇಬು ನೋಡುತ್ತೆ

ನಂದಿನಿ ಲೇಔಟ್ ಹತ್ರ ಕಂಠೀರವ ಸ್ಟುಡಿಯೋದಲ್ಲಿ ಒಂದ್ಸಲ ನಾಯಿ ಶೂಟಿಂಗ್ ನೋಡಿದ್ದೆ. ಹೀರೋ ಮಂಡಿ ಊರ್ಕೊಂಡು "ಬಾರೋ ಕಂದಾ" ಅಂತ ಕಣ್ಣೀರು ಹಾಕ್ತಿದ್ದಾನೆ, ನಾಯಿ ಮಾತ್ರ ಕ್ಯಾಮೆರಾ ಹಿಂದೆ ನಿಂತಿರೋ ಟ್ರೈನರ್ ಜೇಬನ್ನೇ ನೋಡ್ತಿದೆ, ಬೇಯಿಸಿದ ಲಿವರ್ ಇರೋದು ಅಲ್ಲಿ ತಾನೆ. ಐದಾರು ಟೇಕ್ ವೇಸ್ಟ್ ಆದ್ಮೇಲೆ ಲಿವರ್ ಹೀರೋ ಕೈಗೆ ಬಂತು, ಶಾಟ್ ಓಕೆ. ಪಕ್ಕದಲ್ಲಿ ಪ್ರಾಣಿ ಬಳಸೋ ಪರ್ಮಿಷನ್ ಫೈಲ್ ಹಿಡ್ಕೊಂಡು ಕೂತಿದ್ದ ಪ್ರೊಡಕ್ಷನ್ ಮ್ಯಾನೇಜರ್ ಹೇಳಿದ್ರು, "ನಾಯಿನ ಪಳಗಿಸಬಹುದು ಸಾರ್, ಈ ಫೈಲ್‌ನ ಆಗಲ್ಲ."

ಮೊದಲೆಲ್ಲ ಫೈಲೇ ಇರ್ಲಿಲ್ಲ. ನಮ್ಮ ಕಾರಾಪುರದ ಮಾವುತರ ಹುಡುಗ ಸಾಬು ನಟಿಸಿದ 'ಎಲಿಫೆಂಟ್ ಬಾಯ್' ಬಂದಿದ್ದು 1937ರಲ್ಲಿ, ಮೈಸೂರು ಸೀಮೆ ಆನೆಗಳೇ ಅದರಲ್ಲಿ. ಎರಡು ವರ್ಷಕ್ಕೆ ಹಾಲಿವುಡ್‌ನಲ್ಲಿ 'ಜೆಸ್ಸಿ ಜೇಮ್ಸ್' ಚಿತ್ರಕ್ಕೆ ಕುದುರೆನ ಬಂಡೆ ಮೇಲಿಂದ ಬೀಳಿಸಿ ಸಾಯಿಸಿದ್ರು, ಜನ ರೊಚ್ಚಿಗೆದ್ರು, 1940ರಿಂದ ಅಮೆರಿಕನ್ ಹ್ಯೂಮೇನ್ ಸಂಸ್ಥೆಯವರು ಸೆಟ್‌ಗೆ ಬಂದು ಕಾಯೋಕೆ ಶುರು ಮಾಡಿದ್ರು.

ನಮ್ಮಲ್ಲಿ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದಿದ್ರಿಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹದ ಆಟ ಬ್ಯಾನ್, 2011ರಲ್ಲಿ ಹೋರಿನೂ ಆ ಲಿಸ್ಟ್‌ಗೆ ಸೇರ್ತು. ಆದ್ರೆ ಸಿನಿಮಾದವರಿಗೆ ನಿಜವಾಗ್ಲೂ ಬಿಸಿ ತಟ್ಟಿದ್ದು ಪ್ರದರ್ಶನಕ್ಕೆ ಬಳಸೋ ಪ್ರಾಣಿಗಳ ನೋಂದಣಿ ಬಗ್ಗೆ ಬಂದ 2001ರ ನಿಯಮದಿಂದ. ಅದನ್ನ ಓದಿದ್ರೆ ಹಳೇ ಸೆಟ್‌ಗಳಲ್ಲಿ ಏನೇನು ನಡೀತಿತ್ತು ಅಂತ ಊಹಿಸಬಹುದು, ಹಾವಿಗೆ ಏನೂ ನುಂಗಿಸಬಾರದು, ಕಾದ ಟಾರ್ ಮೇಲೆ ಹರಿಸಬಾರದು, ಮತ್ತಿನ ಔಷಧಿ ಕೊಡಬಾರದು, ಜಾರೋ ನೆಲಕ್ಕೆ ಮ್ಯಾಟ್ ಹಾಕ್ಬೇಕು. ಯಾರೂ ಮಾಡದೇ ಇರೋದನ್ನ ಯಾರಾದ್ರೂ ಬೇಡ ಅಂತ ಬರೀತಾರಾ?

2005ರಲ್ಲಿ ಬಾಂಬೆ ಹೈಕೋರ್ಟ್, ಪ್ರಾಣಿ ಕಲ್ಯಾಣ ಮಂಡಳಿಯ ಎನ್‌ಒಸಿ, ಅಂದ್ರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ, ಇಲ್ದೆ ಸೆನ್ಸಾರ್ ಇಲ್ಲ ಅಂತು. ಪಿಕ್ಚರ್ ಶುರುವಿನಲ್ಲಿ ನಾವು ಓದದೇ ಬಿಡೋ, ಪ್ರಾಣಿಗಳಿಗೆ ಹಿಂಸೆ ಆಗಿಲ್ಲ ಅನ್ನೋ ಆ ಎರಡು ಸಾಲು ಬಿಗಿಯಾಗಿದ್ದು ಅಲ್ಲಿಂದ. ಮಂಡಳಿ ಆಫೀಸು ಚೆನ್ನೈನಲ್ಲಿದ್ದಾಗ ಗಾಂಧಿನಗರದವರು ರಾತ್ರಿ ಬಸ್ ಹತ್ತಿ ಹೋಗಿಬರಬಹುದಿತ್ತು, ಈಗ ಅದು ಹರಿಯಾಣದ ಬಲ್ಲಭಗಢದಲ್ಲಿದೆ. ಅದಕ್ಕೇ ಎಷ್ಟೋ ಜನ ಗ್ರಾಫಿಕ್ಸ್ ಹಾವಿಗೆ ಶರಣಾಗಿದಾರೆ, ಪ್ಲಾಸ್ಟಿಕ್ ಥರ ಕಂಡ್ರೂ ಪರ್ವಾಗಿಲ್ಲ, ಬಾಯಿ ಹೊಲಿದ ಹಾವಿಗಿಂತ ವಾಸಿ ಅನ್ನೋನು ನಾನು. ನಾಯಿಗೆ ಮಾತ್ರ ಗ್ರಾಫಿಕ್ಸ್ ಒಗ್ಗಲ್ಲ, 2022ರ 'ಚಾರ್ಲಿ'ಲಿ ಥಿಯೇಟರ್ ಪೂರ್ತಿ ಅತ್ತಿದ್ದು ನಿಜವಾದ ಲ್ಯಾಬ್ರಡಾರ್ ನೋಡಿ.

ಅವತ್ತು ಮ್ಯಾನೇಜರ್ ಮುಂದಿನ ಶೆಡ್ಯೂಲ್‌ನ ಕುದುರೆಗೆ ಫಾರ್ಮ್ ತುಂಬ್ತಿದ್ರು. ವಯಸ್ಸು, ಆರೋಗ್ಯ, ಎಷ್ಟು ದಿನ ಬೇಕು, ಎಲ್ಲ ಬರೆದು, ಈ ಪ್ರಾಣಿ ಯಾಕೆ ಬೇಕು ಅನ್ನೋ ಕಡೆ ಪೆನ್ ನಿಂತಿತ್ತು. ಡೈರೆಕ್ಟರ್‌ನ ಕೂಗಿ ಕೇಳಿದ್ರು.

"ಎಂಟ್ರಿಗೆ ಗತ್ತು ಬರುತ್ತೆ ಅಂತ ಬರೀರಿ ಸಾರ್!"