ಹಗ್ ಮಷೀನ್: ಆ ಹಿಡಿ ಯಾರ ಕೈಯಲ್ಲಿರಬೇಕು?

ಹಗ್ ಮಷೀನ್ ಅಂದರೆ ಮೈಯನ್ನು ಎರಡೂ ಬದಿಯಿಂದ ಗಟ್ಟಿಯಾಗಿ, ಆದರೆ ನೋವಾಗದ ಹಾಗೆ ಒತ್ತಿ ಹಿಡಿಯುವ ಯಂತ್ರ. ಸ್ಕ್ವೀಜ್ ಮಷೀನ್ ಅಂತಲೂ ಕರೆಯುತ್ತಾರೆ. ಆಟಿಸಂ, ಅಂದರೆ ಮಿದುಳು ಬೇರೆ ರೀತಿಯಲ್ಲಿ ಬೆಳೆದಿರುವ ಸ್ಥಿತಿ, ಇರುವ ಕೆಲವರಿಗೆ ಇದರಿಂದ ಗಾಬರಿ ಇಳಿಯುತ್ತದೆ. ಇದನ್ನು ಮೊದಲು ಕಟ್ಟಿದ್ದು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್. ಅವರಿಗೇ ಆಟಿಸಂ ಇದೆ, ಆಗ ಅವರ ವಯಸ್ಸು 18, ಕಟ್ಟಿಕೊಂಡಿದ್ದೂ ತಮಗೋಸ್ಕರವೇ.

1947ರಲ್ಲಿ ಹುಟ್ಟಿದ ಗ್ರ್ಯಾಂಡಿನ್‌ಗೆ ಚಿಕ್ಕಂದಿನಿಂದಲೂ ಒಂದು ಇಕ್ಕಟ್ಟು. ಬಿಗಿಯಾದ ಅಪ್ಪುಗೆ ಬೇಕು ಅನ್ನಿಸುತ್ತಿತ್ತು, ಆದರೆ ಯಾರಾದರೂ ನಿಜವಾಗಿ ಅಪ್ಪಿಕೊಂಡರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮುಂದೆ ಅರಿಜೋನಾದಲ್ಲಿ ನೆಂಟರ ದನದ ಫಾರ್ಮಿಗೆ ಹೋದಾಗ, ಲಸಿಕೆ ಹಾಕಲು ದನಗಳನ್ನು ನಿಲ್ಲಿಸುವ ಚೌಕಟ್ಟನ್ನು ನೋಡಿದರು. ನಮ್ಮ ಪಶು ಆಸ್ಪತ್ರೆಗಳ ಮುಂದೆ ಪೈಪಿನ ಚೌಕಟ್ಟು ಇರುತ್ತದಲ್ಲ, ಅದೇ ಜಾತಿಯದು, ಇದರ ಬದಿಗಳು ಮಾತ್ರ ಒಳಕ್ಕೆ ಸರಿದು ಒತ್ತುತ್ತವೆ. ಒತ್ತಿದಾಗ ಕೆಲವು ದನಗಳು ಸುಮ್ಮನಾಗಿದ್ದನ್ನು ಕಂಡು ತಾವೂ ಒಳಗೆ ಹೊಕ್ಕು ನೋಡಿದರು. ನಿಜವಾಗಿಯೂ ಹಾಯೆನಿಸಿತು!

ಆಮೇಲೆ ತಮ್ಮದೇ ಯಂತ್ರ ಮಾಡಿದರು. ದಪ್ಪ ಮೆತ್ತೆ ಹಾಕಿದ ಎರಡು ಹಲಗೆ, ಮಧ್ಯೆ ಮಂಡಿಯೂರಿ ಬಗ್ಗಿಕೊಳ್ಳಲು ಜಾಗ. ಒಳಗಿರುವವರು ಹಿಡಿ ಎಳೆದರೆ ಗಾಳಿಯ ಒತ್ತಡದಿಂದ ಹಲಗೆಗಳು ಹತ್ತಿರ ಬರುತ್ತವೆ. ಎಷ್ಟು ಗಟ್ಟಿ, ಎಷ್ಟು ಹೊತ್ತು, ಯಾವಾಗ ಸಾಕು, ಎಲ್ಲವೂ ಅವರದೇ ಲೆಕ್ಕ. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಹಿಡಿಯೇ. ಅದೇ ಒತ್ತಡವನ್ನು ಬೇರೆಯವರು ಬಲವಂತವಾಗಿ ಹಾಕಿದರೆ ಅದು ಕಟ್ಟಿಹಾಕಿದ ಹಾಗೆ, ಅಲ್ವಾ?

ಅವರ ಕಾಲೇಜಿನಲ್ಲಿ ಈ ಯಂತ್ರವನ್ನು ಅವರಿಂದ ಕಿತ್ತುಕೊಳ್ಳಲು ನೋಡಿದವರಿದ್ದರು. ಅವರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಮಾತ್ರ, ಒತ್ತಿದರೆ ಯಾಕೆ ಸಮಾಧಾನ ಆಗುತ್ತದೆ ಎಂದು ನೀನೇ ಹುಡುಕು ಅಂದರು. ಹುಡುಕಿದರು ಕೂಡ. ಮುಂದೆ ಪ್ರಾಣಿ ವಿಜ್ಞಾನದ ಪ್ರೊಫೆಸರ್ ಆದ ಗ್ರ್ಯಾಂಡಿನ್, 1992ರಲ್ಲಿ ಇದರ ಬಗ್ಗೆ ಸಂಶೋಧನಾ ಲೇಖನವನ್ನೇ ಬರೆದರು. ಹಗುರವಾಗಿ ಮುಟ್ಟಿದರೆ ಮೈ ಎಚ್ಚರವಾಗುತ್ತದೆ, ಆಟಿಸಂ ಇರುವ ಕೆಲವರಿಗೆ ಅದೇ ತಡೆಯಲಾರದ ಕಿರಿಕಿರಿ. ಗಟ್ಟಿ ಒತ್ತಡ ಬಿದ್ದರೆ ಮೈ ಸಡಿಲವಾಗುತ್ತದೆ. ಇದಕ್ಕೆ ಡೀಪ್ ಪ್ರೆಶರ್ ಎನ್ನುತ್ತಾರೆ.

ಆದರೆ ಆಟಿಸಂಗೆ ಇದು ಔಷಧಿ ಅಂತ ಯಾರಾದರೂ ಮಾರಿದರೆ ನಂಬಬೇಡಿ. 1999ರಲ್ಲಿ 12 ಮಕ್ಕಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಬಿಗಿತ ಕಡಿಮೆಯಾಗಿದ್ದು ಕಂಡಿತು, ಅಷ್ಟೇ. ಇದೇ ತತ್ವದ ಭಾರದ ಹೊದಿಕೆಗಳು ಈಗ ಆನ್‌ಲೈನಲ್ಲಿ ಜಾಸ್ತಿ ಸಿಗುತ್ತವೆ. 2014ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ ಅದರಿಂದ ಮಕ್ಕಳ ನಿದ್ದೆ ಹೆಚ್ಚಲಿಲ್ಲ. ಆದರೂ ಮಕ್ಕಳಿಗೆ ಅದು ಇಷ್ಟವಾಗಿತ್ತು, ಆ ಇಷ್ಟಕ್ಕೂ ಬೆಲೆ ಇದೆ ಎಂದು ನಾನು ನಂಬುತ್ತೇನೆ.

ನಿಮ್ಮ ಮಗು ಹಾಸಿಗೆ ರಾಶಿಯಡಿ ತೂರಿಕೊಂಡರೆ, ಸೋಫಾದ ಸಂದಿಯಲ್ಲಿ ಸಿಕ್ಕಿಸಿಕೊಂಡು ಕೂತರೆ ಗದರಬೇಡಿ. ಅದು ಈ ಒತ್ತಡವನ್ನೇ ಹುಡುಕುತ್ತಿರಬಹುದು. ಮನೆಯಲ್ಲಿ ದಪ್ಪ ಕೌದಿ ಇದ್ದರೆ ಕೊಟ್ಟು ನೋಡಿ, ಪಕ್ಕದಲ್ಲೇ ಇರಿ. ಮುಖ ಮುಚ್ಚಬಾರದು, ಬೇಡ ಅನ್ನಿಸಿದ ಕೂಡಲೇ ಮಗು ತಾನೇ ಕಿತ್ತೆಸೆಯುವಷ್ಟು ಹಗುರ ಇರಬೇಕು. ಭಾರದ ಹೊದಿಕೆ ಕೊಳ್ಳುವ ಮುಂಚೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಒಬ್ಬರಿಗೆ ಮಗುವನ್ನು ತೋರಿಸಿ, ಎಷ್ಟು ತೂಕದ್ದು ಆಗಬಹುದು ಎಂದು ಕೇಳಿ.